ಮನಸ್ಸಿನ ನಾಡಿಯನ್ನು ನೋಡುವ ಬಗೆ

ಶರೀರಕ್ಕೆ ಜ್ವರ ಬಂದರೆ ಅದನ್ನು ಅಳೆಯುವುದಕ್ಕೆ ಉಷ್ಣಮಾಪಕವುಂಟು. ಹೃದಯದ ಗತಿಯನ್ನು ಅರಿಯುವುದಕ್ಕೆ ನಾಡಿಯುಂಟು. ಮನಸ್ಸು ಕೆಟ್ಟಿತೆಂದು ತೋರಿದಾಗ ಅದನ್ನು ಯಾವುದರಿಂದ ಅಳೆಯತಕ್ಕದ್ದು? ಈ ಪ್ರಶ್ನೆಗೆ ಮಾನಸಿಕ ಶುಶ್ರೂಷಾಶಾಸ್ತ್ರವು ಕೊಡುವ ಉತ್ತರವನ್ನು ಶ್ರೋತೃಗಳ ಮುಂದಿಡುವುದೇ ಈ ಭಾಷಣದ ಉದ್ದೇಶ. ಇದು ವೈದ್ಯರಿಗೂ ದಾದಿಯರಿಗೂ ಮಾತ್ರ ಸೇರಿದ ವಿಷಯವೆಂದು ಯಾರೂ ಭಾವಿಸಬಾರದು. ರೋಗಿಯನ್ನು ಮೊದಲು ನೋಡುವವರು ಮನೆಯವರಾದ ನಾವೇ. ನಮ್ಮ ನೋಟ ತಪ್ಪಿದರೆ ಚಿಕಿತ್ಸೆಯ ದಾರಿಯೂ ತಪ್ಪುವ ಸಂಭವವುಂಟು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಅಜ್ಜಂಪುರದ ಸೀಮೆಯಲ್ಲಿ ಬುಕ್ಕಾಂಬುಧಿಯೆಂಬ ಗ್ರಾಮವಿದೆ. ಅಲ್ಲಿಯ ಎಪ್ಪತ್ತು ವರ್ಷದ ಮುದುಕಿಯೊಬ್ಬರು ಬೆಂಗಳೂರಿನಲ್ಲಿರುವ ಮಗನ ಮನೆಗೆ ಬಂದಿದ್ದಾರೆ. ಮೂರು ದಿನದ ಹಿಂದಿನವರೆಗೆ ಮೊಮ್ಮಕ್ಕಳಿಗೆ ರೊಟ್ಟಿ ತಟ್ಟಿಕೊಡುತ್ತಿದ್ದವರು ಈಗ ರಾತ್ರಿ ಎದ್ದು ಕುಳಿತು, ಗೋಡೆಯ ಮೇಲೆ ದನಗಳು ಕಾಣುತ್ತಿವೆಯೆನ್ನುತ್ತಾರೆ, ಸೊಸೆಯನ್ನು ಗುರುತಿಸುವುದಿಲ್ಲ. ಬೆಳಗಾದರೆ ಮತ್ತೆ ಒಂದಿಷ್ಟು ಸರಿಯಾಗಿ ಮಾತನಾಡುತ್ತಾರೆ. ಮನೆಯಲ್ಲಿ ಒಬ್ಬರು ಬುದ್ಧಿಭ್ರಮಣೆಯೆಂದರು. ಇನ್ನೊಬ್ಬರು ಗಾಳಿ ಸೋಕಿತೆಂದರು. ಮೂರನೆಯವರು ವಯಸ್ಸಾಯಿತು, ಅರಳುಮರಳೆಂದು ಸುಮ್ಮನಾದರು. ತೀರ್ಪುಗಳು ಮೂರು ಆದವು. ಸರಿಯಾಗಿ ನೋಡಿದವರು ಮಾತ್ರ ಒಬ್ಬರೂ ಇಲ್ಲ.

ನೋಡುವುದೆಂದರೆ ಏನು? ನಮ್ಮ ನಾಡಿನಲ್ಲಿ ಈ ವಿದ್ಯೆಗೆ ದೀರ್ಘವಾದ ಇತಿಹಾಸವಿದೆ. ಬೆಂಗಳೂರಿನ ಹುಚ್ಚರ ಆಸ್ಪತ್ರೆಯು 1847ರಷ್ಟು ಹಿಂದೆ ಆರಂಭವಾಯಿತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದಿತು. 1954ರಲ್ಲಿ ಅದರ ಜೊತೆಯಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಗಿ, ವೈದ್ಯರಿಗಲ್ಲದೆ ದಾದಿಯರಿಗೂ ಈ ಶಾಖೆಯಲ್ಲಿ ವಿಶೇಷ ಶಿಕ್ಷಣ ದೊರೆಯುವಂತಾಯಿತು. 1974ರಲ್ಲಿ ಎರಡೂ ಒಂದುಗೂಡಿ ಇಂದಿನ ನಿಮ್ಹಾನ್ಸ್ ಆಯಿತು. ಹುಚ್ಚರನ್ನು ಕಾಯುವುದು ಹೋಗಿ ರೋಗಿಯನ್ನು ಅರಿಯುವುದು ಬಂದುದೇ ಈ ಹೆಸರುಗಳ ಬದಲಾವಣೆಯ ಸಾರವೆಂದು ಹೇಳಬಹುದು.

ಅರಿಯುವುದಕ್ಕೆ ಒಂದು ಕ್ರಮವಿದೆ. ಮೊದಲನೆಯದು ರೂಪ ಮತ್ತು ವರ್ತನೆ: ಉಡುಪು, ಕುಳಿತಿರುವ ರೀತಿ, ಕಣ್ಣಿನ ನೋಟ. ಎರಡನೆಯದು ಮಾತು: ಅದರ ವೇಗ, ಧ್ವನಿ, ಮೊತ್ತ. ಮೂರನೆಯದು ಭಾವ: ರೋಗಿಯು ತನ್ನ ಮನಸ್ಸು ಹೇಗಿದೆಯೆಂದು ಹೇಳುವುದು ಒಂದು, ಮುಖದಲ್ಲಿ ನಮಗೆ ಕಾಣುವುದು ಇನ್ನೊಂದು, ಎರಡನ್ನೂ ಬೇರೆಬೇರೆಯಾಗಿ ಬರೆಯತಕ್ಕದ್ದು. ನಾಲ್ಕನೆಯದು ಆಲೋಚನೆ: ಅದರ ಸರಣಿ ಮತ್ತು ವಿಷಯ. ಐದನೆಯದು ಇಂದ್ರಿಯಾನುಭವ: ಇಲ್ಲದ ಧ್ವನಿ ಕೇಳುವುದೇ, ಇಲ್ಲದ ವಸ್ತು ಕಾಣುವುದೇ ಎಂಬುದು. ಆರನೆಯದು ಎಚ್ಚರ, ಗಮನ, ನೆನಪು ಮತ್ತು ದೇಶಕಾಲಗಳ ಅರಿವು. ಕೊನೆಯದು ವಿವೇಚನೆ ಮತ್ತು ತನ್ನ ಕಾಯಿಲೆಯ ಬಗ್ಗೆ ರೋಗಿಗಿರುವ ತಿಳಿವಳಿಕೆ.

ಈ ಪಟ್ಟಿಯನ್ನು ಯಾರಾದರೂ ಬಾಯಿಪಾಠ ಮಾಡಬಹುದು, ಪ್ರಯೋಗಿಸುವುದು ಕಷ್ಟ. ನಮ್ಮ ಮುದುಕಿಯನ್ನು, "ಇಂದು ಎಷ್ಟನೆಯ ತಾರೀಖು? ನೂರರಿಂದ ಏಳನ್ನು ಕಳೆಯುತ್ತಾ ಹೋಗಿ" ಎಂದು ಕೇಳಿದರೆ ಅವರು ಸುಮ್ಮನೆ ಕುಳಿತಾರು. ಅದು ರೋಗವೇ? ಶಾಲೆಯ ಮೆಟ್ಟಿಲು ಹತ್ತದವರಿಗೆ ತಾರೀಖು ತಿಳಿಯದಿರುವುದು ದೋಷವಲ್ಲ. ಅವರನ್ನು, "ಅಮ್ಮಾ, ಈಗ ಹಗಲೋ ರಾತ್ರಿಯೋ? ಈಗ ನಡೆಯುತ್ತಿರುವುದು ಯಾವ ಮಳೆ, ಮೃಗಶಿರೆಯೋ ಆರಿದ್ರೆಯೋ? ನಿಮ್ಮೂರ ಕಡೆ ಸಂತೆ ಯಾವ ವಾರ?" ಎಂದು ಕೇಳತಕ್ಕದ್ದು. ಗಮನವನ್ನು ಪರೀಕ್ಷಿಸಲು ವಾರದ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸಿದರೆ ಸಾಕು. ಇದು ನಮ್ಮ ಊಹೆಯಲ್ಲ. 1975ರಲ್ಲಿ ಅಮೆರಿಕದ ಫೋಲ್‌ಸ್ಟೀನ್ ಮತ್ತು ಅವರ ಸಂಗಡಿಗರು ರಚಿಸಿದ ಪ್ರಸಿದ್ಧವಾದ ಚಿಕ್ಕ ಪರೀಕ್ಷೆಯನ್ನು ಹರಿಯಾಣದ ಹಳ್ಳಿಗಳ ಅನಕ್ಷರಸ್ಥ ವೃದ್ಧರಿಗಾಗಿ ಹಿಂದಿಗೆ ತಂದಾಗ, ಪಂಡಿತರು ಪ್ರಶ್ನೆಗಳನ್ನೇ ಈ ಬಗೆಯಾಗಿ ಮಾರ್ಪಡಿಸಬೇಕಾಯಿತು. ಅಳತೆಗೋಲು ತಪ್ಪಾದರೆ ನೆಟ್ಟಗಿರುವುದೂ ಡೊಂಕಾಗಿ ಕಾಣುತ್ತದೆ.

ಇನ್ನು ಆಸ್ಪತ್ರೆಯ ದಾದಿಯ ಕೆಲಸವನ್ನು ನೋಡೋಣ. ವೈದ್ಯರು ರೋಗಿಯ ಬಳಿ ಕೆಲವು ನಿಮಿಷ ಇರುತ್ತಾರೆ. ದಾದಿಯರು ಸರದಿಯ ಮೇಲೆ ಹಗಲಿರುಳೂ ಇರುತ್ತಾರೆ. ಅವರು "ರೋಗಿ ಹುಚ್ಚುಹುಚ್ಚಾಗಿ ಆಡಿದರು" ಎಂದು ಬರೆಯುವುದಿಲ್ಲ. "ಬೆಳಿಗ್ಗೆ 9 ಗಂಟೆಗೆ ಮಗನ ಹೆಸರು ಹೇಳಿದರು, ವಾರಗಳನ್ನು ಹಿಂದಿನಿಂದ ಹೇಳಿದರು, ರಾತ್ರಿ 11 ಗಂಟೆಗೆ ಎರಡು ವಾರ ಹೇಳಿ ನಿಲ್ಲಿಸಿದರು, ಗೋಡೆಯನ್ನು ತೋರಿಸಿ ಕರು ಬಿಚ್ಚಿಕೊಂಡಿತೆಂದರು, ಮೈ ಬಿಸಿಯಾಗಿತ್ತು, ದಿನವೆಲ್ಲ ಒಂದೇ ಲೋಟ ನೀರು ಕುಡಿದರು" ಎಂದು ಬರೆಯುತ್ತಾರೆ. ಈ ನಾಲ್ಕು ಸಾಲುಗಳಿಂದ ವೈದ್ಯರಿಗೆ ದಾರಿ ತೋರಿತು. ಹಠಾತ್ತಾಗಿ ಬಂದು, ಗಳಿಗೆಗಳಿಗೆಗೆ ಏರಿಳಿದು, ಗಮನವನ್ನು ಕೆಡಿಸುವ ಭ್ರಾಂತಿಯು ಬಹುಮಟ್ಟಿಗೆ ಶರೀರದ ರೋಗದ ಸೂಚನೆ. ಮೂತ್ರದ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಉಪ್ಪಿನ ಅಥವಾ ಸಕ್ಕರೆಯ ಏರುಪೇರು, ಹೊಸದಾಗಿ ಕೊಟ್ಟ ಔಷಧ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಇದನ್ನು ಅರಳುಮರಳೆಂದು ಬಿಟ್ಟರೆ ಪ್ರಾಣಕ್ಕೇ ಅಪಾಯ. ಬೇಗ ಅರಿತರೆ ಅನೇಕರು ಗುಣಮುಖರಾಗುತ್ತಾರೆ.

ಇಲ್ಲದ್ದು ಕೇಳಿದ ಮಾತ್ರಕ್ಕೆ ರೋಗವೆಂದೂ ತೀರ್ಮಾನಿಸಲಾಗದು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಕೆಲವು ದಿನ ಆತನ ಹೆಜ್ಜೆಯ ಸಪ್ಪಳ ಕೇಳಿಸುವುದು ದುಃಖದ ಸಹಜ ಧರ್ಮ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯೂ ಇದೇ ಎಚ್ಚರಿಕೆಯನ್ನು ಕೊಡುತ್ತದೆ: ಸಮಾಜದ ನಡೆನುಡಿಗೆ ಅಥವಾ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಒಬ್ಬರನ್ನು ಮನೋರೋಗಿಯೆಂದು ನಿರ್ಣಯಿಸಕೂಡದು.

ಕೇಳಲು ನಾವು ಅಂಜುವ ಪ್ರಶ್ನೆಯೊಂದುಂಟು. ಖಿನ್ನರಾದವರನ್ನು, "ಬದುಕು ಸಾಕೆನಿಸಿದೆಯೇ? ಸಾಯುವ ಯೋಚನೆ ಬಂದಿದೆಯೇ?" ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುವುದೆಂಬ ಭಯ ವಿದ್ಯಾವಂತರಲ್ಲಿಯೂ ಇದೆ. ಅದು ಸರಿಯಲ್ಲ. ಮೃದುವಾಗಿ, ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಮಂದಿಗೆ ಒಳಗಿನ ಭಾರ ಇಳಿಯುತ್ತದೆ. ಹೌದೆಂಬ ಉತ್ತರ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಸಹಾಯ ದೊರಕಿಸತಕ್ಕದ್ದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಫೋನು ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಆದುದರಿಂದ ಮನೆಯಲ್ಲಿ ಯಾರ ಮನಸ್ಸಾದರೂ ಏರುಪೇರಾಗಿ ತೋರಿದಾಗ, ಅದಕ್ಕೊಂದು ಹೆಸರಿಡುವ ಆತುರ ನಮಗೆ ಬೇಡ. ಎಂದಿನಿಂದ ಹೀಗಿದೆ, ಯಾವ ಹೊತ್ತಿನಲ್ಲಿ ಹೆಚ್ಚುತ್ತದೆ, ನಿದ್ರೆ ಆಹಾರಗಳು ಹೇಗಿವೆ, ಯಾವ ಔಷಧ ನಡೆದಿದೆ, ಅವರು ಆಡಿದ ಮಾತೇನು, ಇಷ್ಟನ್ನು ಒಂದು ಕಾಗದದ ಮೇಲೆ ಬರೆದುಕೊಂಡು ವೈದ್ಯರಲ್ಲಿಗೆ ಹೋಗೋಣ. ಬುಕ್ಕಾಂಬುಧಿಯ ಆ ತಾಯಿ ಮತ್ತೆ ಮೊಮ್ಮಕ್ಕಳಿಗೆ ರೊಟ್ಟಿ ತಟ್ಟುವಂತಾಗುವುದು ನಮ್ಮ ತೀರ್ಪಿನಿಂದಲ್ಲ, ನಾವು ಕಣ್ಣಿಟ್ಟು ನೋಡಿ ಬರೆದಿಟ್ಟ ಆ ನಾಲ್ಕು ಸಾಲಿನಿಂದ.