ಅಣಶಿಯ ತಿರುವಿಗೆ ಟ್ರ್ಯಾಕಿನ ಪಾಠ

ಕಾರವಾರದಿಂದ ಕಾಳಿ ನದಿಯ ದಿಕ್ಕು ಹಿಡಿದು ಕದ್ರಾ ದಾಟಿದರೆ ರಸ್ತೆ ಏರತೊಡಗುತ್ತದೆ. ಅಣಶಿ ಊರು ಬರುವ ತನಕ ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ, ನಡುವೆ ಕಿರಿದಾದ ಡಾಂಬರು ದಾರಿ. ಕರಾವಳಿಯಿಂದ ಜೋಯಿಡಾ, ದಾಂಡೇಲಿ, ಹಳಿಯಾಳದ ಕಡೆ ಹೋಗುವ ಸಾರಿಗೆ ಬಸ್ಸು, ಟೆಂಪೊ, ಬೈಕು ಎಲ್ಲವೂ ಹತ್ತಬೇಕಾದ ಘಟ್ಟ ಇದು. 2021ರ ಜುಲೈ ಮಳೆಗೆ ಇಲ್ಲಿ ಗುಡ್ಡವೇ ಕುಸಿದು ಸಂಚಾರ ನಿಂತಿತ್ತು. ಮೇಲೆ ಹೋದರೆ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗವಾಗಿರುವ ಕಾಡು. ಕಾಳಿಯಲ್ಲಿ ರಾಫ್ಟಿಂಗ್‌ಗೆಂದು, ಕಾಡಿನ ರೆಸಾರ್ಟುಗಳಿಗೆಂದು ಬರುವವರ ಸಾಲಿನಲ್ಲಿ ಈಗೀಗ ಭಾರೀ ಶಕ್ತಿಯ ಕಾರುಗಳೂ ಇರುತ್ತವೆ. ಒಳ್ಳೆಯ ಕಾರಿನ ನಿಜವಾದ ರುಚಿ ಸಿಗಬೇಕಾದರೆ ಘಟ್ಟದ ತಿರುವುಗಳಲ್ಲಿ ಓಡಿಸಬೇಕು ಎಂಬ ಮಾತು ಕಾರುಪ್ರಿಯರ ನಡುವೆ ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ. ಆ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಇಂದಿನ ಸ್ಪೋರ್ಟ್ಸ್ ಕಾರಿನ ಗುಣ ಪರೀಕ್ಷಿಸಲು ಅಣಶಿಯಂಥ ಘಟ್ಟ ಅತ್ಯಂತ ಅಯೋಗ್ಯ ಜಾಗ. ಅದಕ್ಕೆ ಬೇಕಾದದ್ದು ಚಾಲಕರ ತರಬೇತಿ ಟ್ರ್ಯಾಕು. ಅಂಥ ಟ್ರ್ಯಾಕು ಸರಿಯಾಗಿ ಕಲಿಸಿದರೆ, ಕಲಿತವರು ಘಟ್ಟದಲ್ಲಿ ಇನ್ನಷ್ಟು ನಿಧಾನವಾಗಿ ಓಡಿಸುತ್ತಾರೆ.

ಲೆಕ್ಕ ಹೀಗಿದೆ. 1983ರಲ್ಲಿ ಬಂದ ಮಾರುತಿ 800ರ ಎಂಜಿನ್ 40 ಅಶ್ವಶಕ್ತಿಯನ್ನೂ ಮುಟ್ಟುತ್ತಿರಲಿಲ್ಲ. 2020ರಲ್ಲಿ ಬಂದ ಪೋರ್ಷೆ 911 ಟರ್ಬೊ ಎಸ್ ಕಾರಿನದು 650. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗ ಮುಟ್ಟಲು ಅದಕ್ಕೆ ಸಾಕಾಗುವುದು 2.7 ಸೆಕೆಂಡು. ಅಂದರೆ, ಮೇಲಿಂದ ಕೈಬಿಟ್ಟ ಕಲ್ಲು ವೇಗ ಕೂಡಿಸಿಕೊಳ್ಳುವುದಕ್ಕಿಂತ ತುಸು ಬೇಗನೇ ಈ ಕಾರು ರಸ್ತೆಯ ಮೇಲೆ ವೇಗ ಕೂಡಿಸಿಕೊಳ್ಳುತ್ತದೆ. ಶಕ್ತಿ ಹದಿನಾರು ಪಟ್ಟಾಯಿತು, ಸರಿ. ಆದರೆ ತಿರುವಿನಲ್ಲಿ ಕಾರನ್ನು ರಸ್ತೆಯ ಮೇಲೆ ಹಿಡಿದಿಡುವುದು ಎಂಜಿನ್ನಿನ ಕೆಲಸವಲ್ಲ. ಆ ಕೆಲಸ ನಾಲ್ಕು ಟೈರುಗಳದು, ಒಂದೊಂದು ಟೈರು ನೆಲ ಮುಟ್ಟುವುದು ಹೆಚ್ಚುಕಡಿಮೆ ಅಂಗೈ ಅಗಲ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು ತೆಗೆದುಕೊಳ್ಳಿ. ಒಣ ಡಾಂಬರಿನ ಮೇಲೆ ಸಾಧಾರಣ ಟೈರಿನ ಕಾರು ಸುಮಾರು 52 ಕಿ.ಮೀ. ವೇಗದ ತನಕ ಹಿಡಿತ ಬಿಡದೆ ತಿರುಗುತ್ತದೆ. ಸ್ಪೋರ್ಟ್ಸ್ ಕಾರಿನ ಅಗಲವಾದ, ಮೆದು ರಬ್ಬರಿನ ಟೈರಿದ್ದರೆ ಅದು 62ರ ಆಸುಪಾಸಿಗೆ ಏರುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರು ಆ ತಿರುವಿನಲ್ಲಿ ಗಳಿಸಿಕೊಡುವುದು ಗಂಟೆಗೆ 10 ಕಿ.ಮೀ. ಮಾತ್ರ. ಮಳೆ ಬಿದ್ದು ಹಿಡಿತ ಸಡಿಲವಾದರೆ ಮಿತಿ 40ಕ್ಕಿಂತ ಕೆಳಗಿಳಿಯುತ್ತದೆ. ಅದರ ಮೇಲೆ ಕೊಳೆತ ಎಲೆ, ಪಾಚಿ, ಗುಡ್ಡದಿಂದ ಇಳಿದ ಕೆಂಪು ರಾಡಿ ಸೇರಿದರೆ ಇನ್ನೂ ಕೆಳಗೆ.

ಇಷ್ಟಾದರೂ ಘಟ್ಟದಲ್ಲಿ ನಿಜವಾದ ಮಿತಿ ಹಾಕುವುದು ಟೈರು ಕೂಡ ಅಲ್ಲ, ಕಣ್ಣು. ಗುಡ್ಡದ ಮೂಲೆ ಅಡ್ಡ ಬಂದಿರುವ ತಿರುವಿನಲ್ಲಿ ಮುಂದೆ 25 ಮೀಟರ್ ಮಾತ್ರ ಕಾಣುತ್ತದೆ ಎಂದಿಟ್ಟುಕೊಳ್ಳೋಣ. 62 ಕಿ.ಮೀ. ವೇಗದಲ್ಲಿರುವ ಕಾರು, ಚಾಲಕ ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡುವ ಒಂದು ಸೆಕೆಂಡಿನಲ್ಲೇ 17 ಮೀಟರ್ ಹೋಗಿರುತ್ತದೆ. ಅತ್ಯುತ್ತಮ ಬ್ರೇಕಿದ್ದರೂ ನಿಲ್ಲಲು ಇನ್ನೊಂದು 15 ಮೀಟರ್ ಬೇಕು. ಒಟ್ಟು 32. ಕಾಣುವುದು 25. ಉಳಿದ 7 ಮೀಟರಿನಲ್ಲಿ ಕಾಡುಕೋಣ ನಿಂತಿರಬಹುದು, ಕೆಟ್ಟು ನಿಂತ ಲಾರಿ ಇರಬಹುದು, ಸೌದೆ ಹೊರೆ ಹೊತ್ತು ನಡೆದು ಬರುತ್ತಿರುವ ಹೆಂಗಸು ಇರಬಹುದು. ಒದ್ದೆ ರಸ್ತೆಯಲ್ಲಿ 25 ಮೀಟರಿನೊಳಗೆ ನಿಲ್ಲಬೇಕಾದರೆ ವೇಗ 38 ಕಿ.ಮೀ. ಮೀರಬಾರದು. ಎದುರಿನಿಂದಲೂ ಒಂದು ಗಾಡಿ ಬರುತ್ತಿದ್ದು, ಕಿರಿದಾದ ದಾರಿಯಲ್ಲಿ ಇಬ್ಬರೂ ಮುಖಾಮುಖಿ ನಿಲ್ಲಬೇಕಾಗಿ ಬಂದರೆ, ಒಬ್ಬೊಬ್ಬರಿಗೆ ಸಿಗುವುದು ಅದರ ಅರ್ಧ ಜಾಗ. ಆಗ ಲೆಕ್ಕ 24 ಕಿ.ಮೀ.ಗೆ ಬಂದು ನಿಲ್ಲುತ್ತದೆ. ಘಟ್ಟದ ರೂಟಿನ ಹಳೆಯ ಬಸ್ ಚಾಲಕರು ಕುರುಡು ತಿರುವಿಗೆ ಮೊದಲೇ ಗೇರು ಇಳಿಸಿ, ಉದ್ದಕ್ಕೆ ಹಾರ್ನ್ ಹಾಕಿ, ಬಹಳ ನಿಧಾನ ವೇಗದಲ್ಲಿ ತಿರುಗಿಸುವುದು ಹೆದರಿಕೆಯಿಂದಲ್ಲ. ಭೌತಶಾಸ್ತ್ರ ಹೇಳುವ ವೇಗವೂ ಅದೇ. 650 ಅಶ್ವಶಕ್ತಿಯ ಕಾರಿಗೂ ಆ ತಿರುವಿನಲ್ಲಿ ಬಸ್ಸಿನದೇ ಮಿತಿ. ಹಾಗಿದ್ದ ಮೇಲೆ ಅಲ್ಲಿ ಆ ಕಾರಿನ ಯಾವ ಗುಣವನ್ನು ಪರೀಕ್ಷಿಸಿದ ಹಾಗಾಯಿತು?

ಟ್ರ್ಯಾಕಿನಲ್ಲಿ ಈ ಲೆಕ್ಕದ ಅಡಚಣೆಗಳನ್ನೆಲ್ಲ ಮೊದಲೇ ತೆಗೆದಿರುತ್ತಾರೆ. ಎದುರಿನಿಂದ ಗಾಡಿ ಬರುವುದಿಲ್ಲ, ತಿರುವಿನಾಚೆ ಏನಿದೆ ಎಂದು ಬಾವುಟ ಹಿಡಿದ ಮಾರ್ಷಲ್ ಹೇಳುತ್ತಾನೆ, ಹಿಡಿತ ತಪ್ಪಿದರೆ ಕಾರು ಜಾರಿ ನಿಲ್ಲಲು ಬಯಲು ಇರುತ್ತದೆ. ನಮ್ಮ ದೇಶದಲ್ಲಿ ಇಂಥವು ಬೆರಳೆಣಿಕೆಯಷ್ಟು: 1990ರಲ್ಲಿ ಶುರುವಾದ, ಸುಮಾರು 3.7 ಕಿ.ಮೀ. ಉದ್ದದ ಚೆನ್ನೈ ಬಳಿಯ ಇರುಂಗಾಟುಕೋಟೆಯ ಟ್ರ್ಯಾಕು, ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, 2011ರಿಂದ 2013ರ ವರೆಗೆ ಫಾರ್ಮುಲಾ ಒನ್ ನಡೆದ ಗ್ರೇಟರ್ ನೊಯ್ಡಾದ 5.125 ಕಿ.ಮೀ. ಬುದ್ಧ ಸರ್ಕ್ಯೂಟ್, ಇನ್ನು ಕೆಲವು. ಪೋರ್ಷೆ ಕಂಪನಿ ಜರ್ಮನಿ, ಅಮೆರಿಕ, ಚೀನಾ, ಜಪಾನುಗಳಲ್ಲಿ ಇದಕ್ಕೆಂದೇ ಕಾಯಂ ಕೇಂದ್ರಗಳನ್ನು ಕಟ್ಟಿದೆ. ಬಿಎಂಡಬ್ಲ್ಯು 1977ರಿಂದಲೇ ಚಾಲಕರ ತರಬೇತಿ ನಡೆಸುತ್ತ ಬಂದಿದೆ. ಇಂಥ ತರಬೇತಿ ಎಂದರೆ ಕಾರು ಕೊಟ್ಟು ಓಡಿಸಿಕೋ ಎಂದು ಬಿಡುವುದಲ್ಲ. ಮೊದಲ ಪಾಠ ಕೂರುವುದು ಹೇಗೆ ಎಂಬುದು: ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ತುಸು ಮಡಿಚಿರಬೇಕು, ಬೆನ್ನು ಸೀಟಿಗೆ ಒರಗಿದ್ದಂತೆಯೇ ಕೈಮಣಿಕಟ್ಟು ಸ್ಟೇರಿಂಗಿನ ಮೇಲ್ತುದಿ ಮುಟ್ಟಬೇಕು. ಆಮೇಲೆ ಕೋನುಗಳ ಸಾಲಿನ ನಡುವೆ ವೇಗವಾಗಿ ಬಂದು ಇದ್ದಬದ್ದ ಬಲವೆಲ್ಲ ಹಾಕಿ ಬ್ರೇಕ್ ಒತ್ತುವುದು. ವರ್ಷಗಟ್ಟಲೆ ಕಾರು ಓಡಿಸಿದವರೂ ಇಲ್ಲಿ ಎಡವುತ್ತಾರೆ. ಚಕ್ರ ಕಚ್ಚಿಕೊಳ್ಳದಂತೆ ಎಬಿಎಸ್ ಕೆಲಸ ಶುರು ಮಾಡಿದ ಕೂಡಲೇ ಪೆಡಲು ಪಾದದಡಿ ದಡದಡ ನಡುಗುತ್ತದೆ. ಏನೋ ಮುರಿಯಿತು ಎಂದುಕೊಂಡು ಕಾಲು ಸಡಿಲಿಸಿದರೆ ಕಾರು ನಿಲ್ಲಬೇಕಾದ ಜಾಗ ದಾಟಿ ಮುಂದೆ ಹೋಗುತ್ತದೆ. ಒತ್ತಿದ ಕಾಲನ್ನು ಎತ್ತದೆ, ಅದೇ ಹೊತ್ತಿಗೆ ಸ್ಟೇರಿಂಗ್ ತಿರುಗಿಸಿ ಅಡ್ಡ ಇರುವುದನ್ನು ತಪ್ಪಿಸಿಕೊಳ್ಳಬಹುದು ಎಂಬುದು ಪುಸ್ತಕ ಓದಿ ಮೈಗೆ ಹತ್ತುವ ವಿದ್ಯೆಯಲ್ಲ. ಕೊನೆಗೆ ನೀರು ಹಾಯಿಸಿದ ನುಣುಪು ವೃತ್ತ. ಅಲ್ಲಿ ಸಾಧಾರಣ ವೇಗಕ್ಕೇ ಕಾರಿನ ಮೂತಿ ಚಾಲಕನ ಮಾತು ಕೇಳದೆ ಹೊರಕ್ಕೆ ಸರಿಯತೊಡಗುತ್ತದೆ. ಆಗ ಎಲ್ಲರೂ ಮಾಡುವುದು ಸ್ಟೇರಿಂಗನ್ನು ಇನ್ನಷ್ಟು ತಿರುಗಿಸುವುದು. ಅದರಿಂದ ಮುಂದಿನ ಟೈರುಗಳ ಹಿಡಿತ ಇನ್ನಷ್ಟು ಹೋಗುತ್ತದೆ. ಎಕ್ಸಲರೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ಒಂದಿಷ್ಟು ನೇರ ಮಾಡಿದಾಗ ಕಾರು ಮತ್ತೆ ದಾರಿಗೆ ಬರುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವಿದೆ, ಅದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಜಾರುವ ಕಾರನ್ನು ಹತೋಟಿಗೆ ತರುವುದನ್ನು ಕಲಿಸಿದರೆ ಹುಡುಗರಿಗೆ ಧೈರ್ಯ ಜಾಸ್ತಿಯಾಗಿ ಅಪಘಾತ ಹೆಚ್ಚುತ್ತದೆ ಎಂಬುದು. ನಾರ್ವೆಯಲ್ಲಿ ಹೊಸ ಚಾಲಕರಿಗೆ ಜಾರು ರಸ್ತೆಯ ತರಬೇತಿ ಕಡ್ಡಾಯ ಮಾಡಿದ ಮೇಲೆ ಆದದ್ದು ಇದೇ: ಯುವಕರ ಅಪಘಾತ ಇಳಿಯುವ ಬದಲು ಏರಿತ್ತು. ಸ್ವೀಡನ್ನಿನ ಸಂಶೋಧಕ ಗ್ರೆಗರ್ಸೆನ್ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದರ ಕಾರಣವನ್ನು ತೋರಿಸಿತು. ಅವರು ಒಂದು ಗುಂಪಿಗೆ ಜಾರುವಾಗ ಕಾರು ನಿಭಾಯಿಸುವ ಕೌಶಲ ಕಲಿಸಿದರು, ಇನ್ನೊಂದು ಗುಂಪಿಗೆ ಅದೇ ಜಾಗದಲ್ಲಿ ತಮ್ಮ ಕೌಶಲ ಎಷ್ಟು ಸಾಲದು ಎಂಬುದನ್ನು ಮನಗಾಣಿಸಿದರು. ಆಮೇಲೆ ಪರೀಕ್ಷಿಸಿದಾಗ ಎರಡೂ ಗುಂಪಿನ ನಿಜವಾದ ಸಾಮರ್ಥ್ಯದಲ್ಲಿ ವ್ಯತ್ಯಾಸವಿರಲಿಲ್ಲ. ಮೊದಲ ಗುಂಪಿನವರು ಮಾತ್ರ ತಮ್ಮನ್ನು ತಾವು ಹೆಚ್ಚು ಸಮರ್ಥರೆಂದು ನಂಬಿದ್ದರು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಟ್ರ್ಯಾಕನ್ನು ಬೇಡವೆನ್ನುವುದಿಲ್ಲ, ಅಲ್ಲಿ ಏನು ಕಲಿಸಬೇಕು ಎಂದು ಹೇಳುತ್ತದೆ. ಲ್ಯಾಪ್ ಎಷ್ಟು ಸೆಕೆಂಡಿನಲ್ಲಿ ಮುಗಿಯಿತು ಎಂದು ಅಳೆದು ಬೆನ್ನು ತಟ್ಟುವ ಟ್ರ್ಯಾಕ್ ದಿನಗಳು ನಾರ್ವೆಯ ತಪ್ಪನ್ನೇ ಮಾಡುತ್ತವೆ. ಅದರ ಬದಲು, 60 ಕಿ.ಮೀ. ವೇಗದಲ್ಲಿ ನಿಮ್ಮ ಕಾರು ಎಲ್ಲಿ ನಿಲ್ಲುತ್ತದೆಂದು ನೀವೇ ಅಂದಾಜು ಮಾಡಿ ಅಲ್ಲೊಂದು ಕೋನ್ ಇಡಿ ಎನ್ನಬೇಕು. ಬಳಿಕ ಓಡಿಸಿ ನಿಲ್ಲಿಸಲು ಹೇಳಬೇಕು. ಇಟ್ಟ ಕೋನನ್ನು ಕಾರು ಕೆಡವಿಕೊಂಡು ಹೋದಾಗ ಆಗುವ ಅರಿವನ್ನು ಯಾವ ಭಾಷಣವೂ ಕೊಡಲಾರದು. ಅದೇ ಕೆಲಸವನ್ನು 120ರಲ್ಲಿ ಮಾಡಿಸಿದರೆ, ಒಣ ಡಾಂಬರಿನಲ್ಲಿ ಬ್ರೇಕ್ ಹಿಡಿದ ಮೇಲಿನ 20 ಮೀಟರ್ 40 ಆಗುವುದಿಲ್ಲ, 80 ಆಗುತ್ತದೆ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ನಾಲ್ಕು ಪಟ್ಟು ಎಂಬ ಶಾಲೆಯ ಪಾಠ ಹೊಟ್ಟೆಯಲ್ಲಿ ಕಲಸಿದಂತಾಗಿ ಅರ್ಥವಾಗುವುದು ಅಲ್ಲಿಯೇ.

ಈಗಿನ ಕಾರುಗಳಲ್ಲಿ ಎಲ್ಲವನ್ನೂ ಕಂಪ್ಯೂಟರೇ ನೋಡಿಕೊಳ್ಳುತ್ತದಲ್ಲ ಎಂಬ ಮಾತೂ ಬರುತ್ತದೆ. ಎಬಿಎಸ್ 2019ರಿಂದ ನಮ್ಮ ಹೊಸ ಕಾರುಗಳಿಗೆ ಕಡ್ಡಾಯ, ಅದು ಜೀವ ಉಳಿಸುವ ಸಾಧನ, ಅನುಮಾನವಿಲ್ಲ. ಆದರೆ ಈ ವ್ಯವಸ್ಥೆಗಳು ಇರುವ ಹಿಡಿತವನ್ನು ನಾಲ್ಕು ಚಕ್ರಗಳಿಗೆ ಜಾಣತನದಿಂದ ಹಂಚುತ್ತವೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. 40ರಲ್ಲಿ ತಿರುಗಬೇಕಾದ ಒದ್ದೆ ತಿರುವಿಗೆ 70ರಲ್ಲಿ ನುಗ್ಗಿದರೆ ಯಾವ ಕಂಪ್ಯೂಟರೂ ಏನೂ ಮಾಡಲಾಗದು. ಮೇಲಾಗಿ ಸ್ಪೋರ್ಟ್ಸ್ ಕಾರು ತನ್ನ ವೇಗವನ್ನು ಮುಚ್ಚಿಡುತ್ತದೆ. ಮಾರುತಿ 800 ನಡುಗಿ, ಕಿರುಚಿ, ವಾಲಿ ಎಚ್ಚರಿಸುತ್ತಿದ್ದ ವೇಗದಲ್ಲಿ ಇದು ಅಲುಗಾಡದೆ ಕೂತಿರುತ್ತದೆ. ಅದು ಎಚ್ಚರಿಸುವ ಹೊತ್ತಿಗೆ ಮಿತಿ ತೀರಾ ಹತ್ತಿರ ಬಂದಿರುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಸರ್ಕಾರದ ವರದಿಯ ಪ್ರಕಾರ ನೂರರಲ್ಲಿ ಸುಮಾರು 71 ಸಾವಿಗೆ ಕಾರಣ ಅತಿವೇಗ.

ಶ್ರೀಮಂತರ ಆಟಕ್ಕೆ ಬಡವರ ಜಿಲ್ಲೆ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ ನ್ಯಾಯವಾದದ್ದೇ. ಆ ಆಟ ಟ್ರ್ಯಾಕಿನೊಳಗೆ ನಡೆಯದಿದ್ದರೆ ನಡೆಯುವುದು ಜೋಯಿಡಾದ ಕುಣಬಿ, ಗೌಳಿ, ಸಿದ್ದಿ ಜನ ನಡೆದಾಡುವ ರಸ್ತೆಯಲ್ಲಿ ಎಂಬುದು ಮೊದಲ ಉತ್ತರ. ಎರಡನೆಯದು ಇನ್ನೂ ಮುಖ್ಯ: ಮೇಲೆ ಹೇಳಿದ ಪಾಠಗಳಲ್ಲಿ ಒಂದಕ್ಕೂ ಸ್ಪೋರ್ಟ್ಸ್ ಕಾರೇ ಆಗಬೇಕೆಂದಿಲ್ಲ. ಟೆಂಪೊ, ಜೀಪು, ಟ್ಯಾಕ್ಸಿ ಓಡಿಸುವವರಿಗೂ ಅವೇ ಬೇಕು. ದಾಂಡೇಲಿಯ ಕೆಎ 65 ಸಾರಿಗೆ ಕಚೇರಿಯಿರಲಿ, ಬೆಂಗಳೂರಿನದಿರಲಿ, ಲೈಸೆನ್ಸ್ ಪರೀಕ್ಷೆಯ ಮೈದಾನದಲ್ಲಿ 60 ಕಿ.ಮೀ. ವೇಗ ಹಿಡಿಯುವಷ್ಟು ಜಾಗ ಇರುವುದಿಲ್ಲ, ಒದ್ದೆ ನೆಲದ ಮೇಲೆ ಪೂರ್ತಿ ಬ್ರೇಕ್ ಒತ್ತಿಸಿ ನೋಡುವ ಪದ್ಧತಿಯಿಲ್ಲ. 2021ರ ಜುಲೈಯಿಂದ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಲಘು ವಾಹನಕ್ಕೆ 29 ಗಂಟೆಗಳ ಪಾಠ ಗೊತ್ತುಮಾಡಿ, ಸಿಮ್ಯುಲೇಟರ್ ಮತ್ತು ಟ್ರ್ಯಾಕ್ ಇರಬೇಕೆಂದಿದೆ. ಅದೇ ಟ್ರ್ಯಾಕಿಗೆ ಒಂದು ಉದ್ದ ನೇರ ದಾರಿ, ನೀರಿನ ಟ್ಯಾಂಕರು ಹಾಯಿಸಬಹುದಾದ ಒಂದು ವೃತ್ತ, ಒಂದಿಷ್ಟು ಕೋನು ಸೇರಿದರೆ ಸಾಕು. ಇದಕ್ಕೆ ಬುದ್ಧ ಸರ್ಕ್ಯೂಟಿನ ಖರ್ಚು ಬೇಕಿಲ್ಲ.

ಜರ್ಮನಿಯ ಡಿಟಿಎಂ ಕಾರು ರೇಸ್ ಸರಣಿಯಲ್ಲಿ 2021ರಲ್ಲಿ ಓಡಿದ ಮೊದಲ ಭಾರತೀಯ ಅರ್ಜುನ್ ಮೈನಿ ಬೆಂಗಳೂರಿನವರು. 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದ ಬೈಕ್ ಸವಾರೆ ಐಶ್ವರ್ಯಾ ಪಿಸ್ಸೆಯೂ ಅಲ್ಲಿಯವರೇ. ಇಂಥವರನ್ನು ಕೊಟ್ಟ ನಾಡಿನವರು ತಮ್ಮ ಕಾರಿನ ಮಿತಿ ತಿಳಿಯಲು ಹೆಚ್ಚಾಗಿ ಕೊಯಮತ್ತೂರಿಗೋ ಚೆನ್ನೈಗೋ ಹೋಗಬೇಕಾಗಿದೆ. ಹೋಗಲಾಗದವರು ಘಟ್ಟ ಹುಡುಕುತ್ತಾರೆ. ಉತ್ತರ ಕರ್ನಾಟಕದ ಮಟ್ಟಿಗೆ ಹಳಿಯಾಳದಿಂದ ಧಾರವಾಡದ ಕಡೆಗೆ ಕಾಡು ತೆಳುವಾಗಿ ಬಯಲು ತೆರೆದುಕೊಳ್ಳುವಲ್ಲಿ, ಬೇಸಾಯಕ್ಕಿಲ್ಲದ ಸರ್ಕಾರಿ ಜಾಗದಲ್ಲಿ, ಇಂಥದೊಂದು ಟ್ರ್ಯಾಕಿಗೆ ಯೋಚಿಸಬಹುದು. ಕಾಳಿ ಹುಲಿ ಪ್ರದೇಶದ ಗಡಿಯೊಳಗೆ ಮಾತ್ರ ಅದಕ್ಕೆ ಒಂದು ಗುಂಟೆಯನ್ನೂ ಕೇಳಬಾರದು. ದುಬಾರಿ ಕಾರಿನವರಿಂದ ದಿನಕ್ಕೆ ತಕ್ಕ ಶುಲ್ಕ ಪಡೆದು, ಆ ಹಣದಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಅಣಶಿ ಮಾರ್ಗದ ಟೆಂಪೊ ಮತ್ತು ಜೀಪು ಚಾಲಕರಿಗೆ ಒದ್ದೆ ನೆಲದ ಬ್ರೇಕ್ ತರಬೇತಿಯನ್ನು ಪುಕ್ಕಟೆ ಕೊಡಲು ಸಾಧ್ಯವಿದೆ.