ಶರದೃತು: ಮನಸ್ಸು ತಿಳಿಯಾಗುವ ಕಾಲ

ಆಶ್ವಯುಜ ಮತ್ತು ಕಾರ್ತಿಕ ಮಾಸಗಳೆರಡೂ ಸೇರಿ ಶರದೃತುವೆನಿಸುತ್ತವೆ. ಈ ವೇಳೆಗೆ ನಮ್ಮ ಪಾಂಡವಪುರ ಸೀಮೆಯಲ್ಲಿ ಮುಂಗಾರಿನ ಅಬ್ಬರ ತಗ್ಗಿರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಆಶ್ರಯದ ಗದ್ದೆಗಳಲ್ಲಿ ನಾಟಿ, ಕಳೆಗಳು ಮುಗಿದು ಭತ್ತವು ಹೊಡೆ ಕಟ್ಟಿ ನಿಂತಿರುತ್ತದೆ. ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುತ್ತವೆ. ವರ್ಷವಿಡೀ ದುಡಿಯುವ ರೈತಾಪಿ ಕುಟುಂಬಕ್ಕೆ ಪ್ರಕೃತಿಯೇ ಕರುಣಿಸಿದ ಅಲ್ಪ ವಿರಾಮವಿದು. ಈ ವಿರಾಮವನ್ನು ದೇಹದ ಆರೈಕೆಗೂ ಆತ್ಮಾವಲೋಕನಕ್ಕೂ ಹೇಗೆ ಬಳಸಿಕೊಳ್ಳಬಹುದೆಂಬುದನ್ನು ಸದ್ಭಕ್ತರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಆಯುರ್ವೇದದ ಆಚಾರ್ಯರು ಋತುವಿಗೆ ತಕ್ಕ ನಡೆಯನ್ನು ಋತುಚರ್ಯೆಯೆಂದು ಕರೆದರು. ವಾಗ್ಭಟನು ಅಷ್ಟಾಂಗಹೃದಯದ ಸೂತ್ರಸ್ಥಾನದ 3ನೆಯ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿದ್ದಾನೆ. ಮಳೆಗಾಲದಲ್ಲಿ ಶರೀರದೊಳಗೆ ಸಂಚಯವಾದ ಪಿತ್ತವು, ಶರತ್ಕಾಲದ ಬಿಸಿಲು ಒಮ್ಮೆಲೇ ತಾಕಿದಾಗ ಪ್ರಕೋಪಗೊಳ್ಳುತ್ತದೆಂಬುದು ಅವರ ನಿರೂಪಣೆ. ಹುಳಿತೇಗು, ಎದೆಯುರಿ, ಚರ್ಮದ ತುರಿಕೆ, ಸಿಡುಕು ಇವೆಲ್ಲ ಪಿತ್ತ ಕೆರಳಿದುದರ ಕುರುಹುಗಳು. ಆದುದರಿಂದ ಸಿಹಿ, ಕಹಿ, ಒಗರು ರಸಗಳ ಹಗುರ ಆಹಾರವನ್ನು ಹಸಿವಾದಾಗ ಮಾತ್ರ ಮಿತವಾಗಿ ಸೇವಿಸಬೇಕೆಂದು ಹೇಳಲಾಗಿದೆ. ಹೆಸರುಬೇಳೆ, ಪಡವಲಕಾಯಿ, ಹಾಗಲಕಾಯಿ, ನೆಲ್ಲಿಕಾಯಿ, ಹಳೆಯ ಅಕ್ಕಿಯ ಅನ್ನ, ಸ್ವಲ್ಪ ತುಪ್ಪ ಈ ಕಾಲಕ್ಕೆ ಹಿತ. ಮೊಸರು, ಅತಿಯಾದ ಖಾರ, ಕರಿದ ತಿಂಡಿ, ಕಡುಬಿಸಿಲು, ಹಗಲುನಿದ್ದೆ ಇವು ಅಹಿತ. ನವರಾತ್ರಿಯಿಂದ ದೀಪಾವಳಿಯವರೆಗೆ ಹಬ್ಬದ ಅಡುಗೆ ಮನೆಮನೆಯಲ್ಲಿಯೂ ಇರುತ್ತದೆ. ಹೋಳಿಗೆ, ಕಜ್ಜಾಯಗಳನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ; ಅಳತೆ ಅರಿತು ಉಣ್ಣೋಣ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿರುವವರು ಹಬ್ಬದ ಗಡಿಬಿಡಿಯಲ್ಲಿ ಔಷಧಿಯನ್ನು ತಪ್ಪಿಸಬಾರದು.

ಶರತ್ಕಾಲದ ನೀರನ್ನು ಪ್ರಾಚೀನರು ಹಂಸೋದಕವೆಂದು ಹೊಗಳಿದರು. ಹಗಲು ಸೂರ್ಯನ ಕಿರಣಗಳಿಂದ ಕಾದು, ಇರುಳು ಬೆಳುದಿಂಗಳಿನಿಂದ ತಂಪಾಗಿ, ಅಗಸ್ತ್ಯ ನಕ್ಷತ್ರದ ಉದಯದಿಂದ ನಿರ್ವಿಷವಾಗುವ ನೀರೆಂಬುದು ಅದರ ವರ್ಣನೆ. ಇಂದು ನಾಲೆ, ಕೆರೆಗಳಿಗೆ ಗೊಬ್ಬರ, ಕ್ರಿಮಿನಾಶಕಗಳ ಅಂಶವೂ ಊರ ಕೊಳಚೆಯೂ ಸೇರುವುದರಿಂದ ಆ ನೀರನ್ನು ಹಾಗೆಯೇ ಕುಡಿಯುವುದು ಸಲ್ಲದು. ಶುದ್ಧೀಕರಿಸಿದ ನೀರನ್ನು ಕುದಿಸಿ ಆರಿಸಿ ಕುಡಿಯುವುದೇ ಕ್ಷೇಮ.

ಆದರೆ ಹಂಸೋದಕದ ಕಲ್ಪನೆಯಲ್ಲಿ ಮನಸ್ಸಿಗೊಂದು ಪಾಠವಿದೆ. ನಮ್ಮ ತಾಲ್ಲೂಕಿನ ತೊಣ್ಣೂರು ಕೆರೆಯ ನೀರು ಮುತ್ತಿನಂತೆ ಸ್ವಚ್ಛವೆಂದು ಅದಕ್ಕೆ ಮೋತಿ ತಲಾಬ್ ಎಂಬ ಹೆಸರೂ ಬಂದಿತು. ಮಳೆಯಲ್ಲಿ ಕದಡಿದ ನೀರನ್ನು ಯಾರೂ ಕೈಯಾಡಿಸಿ ತಿಳಿಗೊಳಿಸಲಾರರು. ಕದಡದೆ ಬಿಟ್ಟರೆ ಕೆಸರು ತಾನಾಗಿ ತಳ ಸೇರುತ್ತದೆ. ಮನಸ್ಸಿನ ಪರಿಯೂ ಹೀಗೆಯೇ. ಬೆಳಗಿನ ಲಿಂಗಪೂಜೆಯಲ್ಲಿ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು, ಉಸಿರನ್ನು ನಿಧಾನಗೊಳಿಸಿ ಹದಿನೈದು ನಿಮಿಷ ಕುಳಿತರೆ ಈ ತಿಳಿತನದ ಅನುಭವ ದೊರೆಯತೊಡಗುತ್ತದೆ. ಸಂಜೆ ದೀಪ ಹಚ್ಚಿದ ಬಳಿಕ ಮೊಬೈಲನ್ನು ಬದಿಗಿರಿಸಿ, ಬೆಳುದಿಂಗಳಿದ್ದರೆ ಅಂಗಳದಲ್ಲಿ ಕುಳಿತು, ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇಂದು ಯಾರ ಮನಸ್ಸನ್ನು ನೋಯಿಸಿದೆವು? ಯಾರ ಋಣವನ್ನು ನೆನೆಯದೆ ಹೋದೆವು? ಯಾವ ಚಿಂತೆಯನ್ನು ಮನೆಯವರಿಂದ ಮುಚ್ಚಿಟ್ಟೆವು?

ಮೂರನೆಯ ಪ್ರಶ್ನೆಯನ್ನು ನಾವು ಬೇಕೆಂದೇ ಸೇರಿಸಿದ್ದೇವೆ. 2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹಲವು ರೈತರು ಸಾಲದ ಭಾರ ತಾಳಲಾರದೆ ಪ್ರಾಣ ಕಳೆದುಕೊಂಡುದನ್ನು ನಾವು ಮರೆಯಲಾಗದು. ಕಬ್ಬಿನ ಬಾಕಿ, ಕೈಸಾಲ, ಮಗಳ ಮದುವೆಯ ಚಿಂತೆಗಳನ್ನು ಮನೆಯ ಯಜಮಾನನು ಒಬ್ಬನೇ ಹೊತ್ತು ಮೌನವಾಗಿರುವುದು ಹಳ್ಳಿಗಳಲ್ಲಿ ಸಾಮಾನ್ಯ. ಆ ಮೌನವನ್ನು ಶಾಂತಿಯೆಂದು ಭ್ರಮಿಸಬಾರದು. ಶಾಂತಿಯ ಮೌನದಿಂದ ಎದ್ದವನಿಗೆ ಹಸಿವು, ನಿದ್ದೆ, ಮಾತು ಹಿತವೆನಿಸುತ್ತವೆ. ನೋವಿನ ಮೌನದಲ್ಲಿ ಮುಳುಗಿದವನಿಗೆ ಇವೆಲ್ಲವೂ ಬೇಡವಾಗುತ್ತವೆ. ಎರಡು ವಾರಗಳಿಗೂ ಮೀರಿ ನಿದ್ದೆ ಬಾರದೆ, ಊಟ ರುಚಿಸದೆ, ಬದುಕೇ ಬೇಡವೆನಿಸಿದರೆ ಅದನ್ನು ದುರ್ಬಲತೆಯೆಂದು ಹಳಿಯದೆ ಕಾಯಿಲೆಯೆಂದು ತಿಳಿದು ವೈದ್ಯರನ್ನು ಕಾಣಬೇಕು. ಸಾಯುವ ಮಾತನಾಡುವವರಿದ್ದರೆ ಒಂದು ದಿನವೂ ತಡಮಾಡದೆ, ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೆಯಲ್ಲಿರುವ ಕೀಟನಾಶಕಗಳನ್ನು ಬೀಗದೊಳಗೆ ಇರಿಸಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಧ್ಯಾನವು ಔಷಧಿಗೆ ಬದಲಲ್ಲ, ಔಷಧಿಯು ಧ್ಯಾನಕ್ಕೆ ವಿರೋಧಿಯೂ ಅಲ್ಲ. ತನ್ನೊಳಗನ್ನು ನೋಡಿಕೊಂಡವನು ಕಂಡುದನ್ನು ಆಪ್ತರೊಡನೆ ಹಂಚಿಕೊಳ್ಳುವ ಧೈರ್ಯವನ್ನೂ ತಂದುಕೊಳ್ಳಬೇಕು. ಹನ್ನೆರಡನೆಯ ಶತಮಾನದ ಶರಣರೂ ತಮ್ಮ ಅನುಭಾವವನ್ನು ಒಟ್ಟಿಗೆ ಕುಳಿತು ಒರೆಗೆ ಹಚ್ಚಿದವರೇ.

ಈ ಕಾರ್ತಿಕದ ಸಂಜೆಗಳಲ್ಲಿ ಮನೆಯಲ್ಲಿ ದೀಪ ಬೆಳಗಿದ ಮೇಲೆ ಮನೆಮಂದಿಯೆಲ್ಲ ಕೆಲಹೊತ್ತು ಸುಮ್ಮನೆ ಕುಳಿತು, ಬಳಿಕ ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳೋಣ. ನೆರೆಮನೆಯಲ್ಲಿ ಯಾರಾದರೂ ಕೆಲದಿನಗಳಿಂದ ಮಾತು ಬಿಟ್ಟಿದ್ದರೆ, ನಾವೇ ಹೋಗಿ ಅವರ ಜಗುಲಿಯ ಮೇಲೆ ಕುಳಿತುಕೊಳ್ಳೋಣ.