ಮೋಡದ ಹನಿ ಅಳೆಯೋದು ಹೇಗೆ?

ಆಕಾಶದ ತುಂಬ ಮೋಡ. ನಾವು ಬಿತ್ತನೆ ಬೀಜ ಹಸನು ಮಾಡಿಟ್ಟು ಕಾಯುತ್ತೇವೆ. ಮೋಡ ತಲೆಯ ಮೇಲೇ ಹಾದು ಹೋಗುತ್ತದೆ. ಒಂದು ಹನಿಯೂ ಬೀಳೋದಿಲ್ಲ. ಯಾಕೆ ಹೀಗೆ?

ಮೋಡ ಅಂದರೆ ಹೊಗೆ ಅಲ್ಲ. ಅದು ಬಹಳ ಸಣ್ಣ ನೀರಹನಿಗಳ ರಾಶಿ. ಒಂದು ಮಿಲಿಮೀಟರನ್ನು 1000 ಪಾಲು ಮಾಡಿದರೆ, ಒಂದು ಪಾಲಿಗೆ ಮೈಕ್ರಾನ್ ಅನ್ನುತ್ತಾರೆ. ಮೋಡದ ಹನಿ ಸುಮಾರು 20 ಮೈಕ್ರಾನ್ ದಪ್ಪ. ನಮ್ಮ ತಲೆಗೂದಲು ಇದಕ್ಕಿಂತ ಮೂರು ನಾಲ್ಕು ಪಟ್ಟು ದಪ್ಪ. ಇಂಥ 10 ಲಕ್ಷ ಹನಿ ಕೂಡಿದರೆ 2 ಮಿಲಿಮೀಟರಿನ ಒಂದು ಮಳೆಹನಿ.

ಹನಿಗಳು ತೀರ ಸಣ್ಣವಾದರೆ ಒಂದಕ್ಕೊಂದು ಕೂಡೋದು ಕಷ್ಟ. ಗಾಳಿಯಲ್ಲೇ ತೇಲುತ್ತವೆ. ಆದ್ದರಿಂದ ಹನಿ ಎಷ್ಟು ದಪ್ಪ, ಎಷ್ಟು ಇವೆ ಅಂತ ತಿಳಿಯಬೇಕು. ಅದಕ್ಕೆ ವಿಮಾನದಲ್ಲಿ ಸಾಧನ ಹೊತ್ತು ಮೋಡದೊಳಗೆ ಹೋಗುತ್ತಾರೆ. ಮೂರು ಸಾಧನ ನೋಡೋಣ.

ಗಾಜಿನ ಪಟ್ಟಿ: ಇದು ಹಳೆಯದು. ಗಾಜಿಗೆ ಮಸಿ ಅಥವಾ ಎಣ್ಣೆ ಸವರಿ ಕ್ಷಣಹೊತ್ತು ಮೋಡಕ್ಕೆ ಒಡ್ಡುತ್ತಿದ್ದರು. ಹನಿ ಬಿದ್ದಲ್ಲಿ ಗುರುತು ಉಳಿಯುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಖರ್ಚು ಕಡಿಮೆ, ಕೆಲಸ ನಿಧಾನ. ತೀರ ಸಣ್ಣ ಹನಿ ಗಾಳಿಯ ಜೊತೆ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ.

ಕಾದ ತಂತಿ: ಕಾದ ಹೆಂಚಿಗೆ ನೀರು ಚಿಮುಕಿಸಿದರೆ ಚುಂಯ್ ಅಂತ ಆವಿಯಾಗುತ್ತದೆ. ಹೆಂಚು ತಣಿಯುತ್ತದೆ. ಇಲ್ಲೂ ಹಾಗೆಯೇ. ತಣಿಯುವ ತಂತಿಯನ್ನು ಬಿಸಿಯಾಗಿಡಲು ಎಷ್ಟು ವಿದ್ಯುತ್ ಬೇಕಾಯಿತು ಅಂತ ನೋಡಿ, ನೀರೆಷ್ಟು ಅಂತ ಲೆಕ್ಕ ಹಾಕುತ್ತಾರೆ. ಆದರೆ ಇದು ಸೇರಿನಲ್ಲಿ ರಾಗಿ ಅಳೆದ ಹಾಗೆ. ಕಾಳೆಷ್ಟು ಅಂತ ಸೇರು ಹೇಳೋದಿಲ್ಲ.

ಲೇಸರ್ ಬೆಳಕು: ಬೆಳಕಿಂಡಿಯಿಂದ ಬಿಸಿಲು ಬಿದ್ದಾಗ ದೂಳಿನ ಕಣ ಮಿನುಗೋದನ್ನು ನೋಡಿದ್ದೇವೆ. ಲೇಸರ್ ಬೆಳಕಿಗೆ ಅಡ್ಡ ಬಂದ ಹನಿಯೂ ಬೆಳಕನ್ನು ಚದುರಿಸುತ್ತದೆ. ಚದುರಿದ ಬೆಳಕಿನಿಂದ ಹನಿಯ ದಪ್ಪ ತಿಳಿಯುತ್ತದೆ. ಒಂದೊಂದು ಹನಿಯ ಎಣಿಕೆಯೂ ಆಗುತ್ತದೆ. ಆದರೆ ಎರಡು ಹನಿ ಒಟ್ಟಿಗೆ ಹಾದರೆ, ಒಂದೇ ದೊಡ್ಡ ಹನಿ ಅಂತ ಲೆಕ್ಕವಾಗಬಹುದು.

ಹಾಗಾದರೆ ಯಾವುದನ್ನು ನಂಬೋದು? ಒಂದನ್ನೇ ನಂಬಬಾರದು. ಲೇಸರ್ ಎಣಿಸಿದ ಹನಿಗಳ ನೀರನ್ನೆಲ್ಲ ಕೂಡಿಸಬೇಕು. ಅದು ಕಾದ ತಂತಿಯ ಲೆಕ್ಕಕ್ಕೆ ಹೊಂದಬೇಕು. ಹೊಂದದಿದ್ದರೆ ಎಲ್ಲೋ ತಪ್ಪಿದೆ. ಅಳತೆ ಗೊತ್ತಿರುವ ಸಣ್ಣ ಗಾಜಿನ ಮಣಿಗಳನ್ನು ಲೇಸರಿನಲ್ಲಿ ಹಾಯಿಸಿಯೂ ಪರೀಕ್ಷೆ ಮಾಡುತ್ತಾರೆ. ಅಂಗಡಿಯ ತಕ್ಕಡಿಯನ್ನು ಸರಕಾರದ ಮುದ್ರೆ ಇರುವ ತೂಕದಿಂದ ನೋಡಿದ ಹಾಗೆ.

ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2009ರಿಂದ ವಿಮಾನದಲ್ಲಿ ಹೋಗಿ ನಮ್ಮ ದೇಶದ ಮೋಡಗಳನ್ನು ಅಳೆದಿದ್ದಾರೆ. 2018 ಮತ್ತು 2019ರಲ್ಲಿ ನಮ್ಮ ಗಡಿಯ ಪಕ್ಕದ ಸೊಲ್ಲಾಪುರದಲ್ಲೂ ಈ ಕೆಲಸ ನಡೆಯಿತು.

ಇದರಿಂದ ನಮಗೇನು? ಕರ್ನಾಟಕದಲ್ಲಿ 2003ರಲ್ಲೂ 2017ರಲ್ಲೂ ಮೋಡ ಬಿತ್ತನೆ ನಡೆಯಿತು. ಅದಕ್ಕೆ ಖರ್ಚಾಗೋದು ನಮ್ಮೆಲ್ಲರ ಹಣ. ಹದ ನೋಡದೆ ನಾವು ಹೊಲಕ್ಕೆ ಬೀಜ ಹಾಕೋದಿಲ್ಲ. ಮೋಡಕ್ಕೂ ಹದ ಇದೆ. ಹನಿ ಅಳೆದರೆ ಮಾತ್ರ ಅದು ತಿಳಿಯುತ್ತದೆ. ಮುಂದೆ ಯಾರಾದರೂ ಮೋಡ ಬಿತ್ತುತ್ತೇವೆ ಅಂದಾಗ ನಾವು ಕೇಳೋಣ: ಹನಿ ಅಳೆದಿರಾ? ಎರಡು ಸಾಧನದಲ್ಲಿ ತಾಳೆ ನೋಡಿದಿರಾ?